ಕೋಲಾರದಿಂದ ಜಾಝ್ ಹುಡುಕಿ ಹೊರಡುವವರಿಗೆ

ಅಪ್ಪ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಮೆರವಣಿಗೆ ಕ್ಲಾಕ್ ಟವರ್ ದಾಟಿ ಛತ್ರ ಮುಟ್ಟುವಷ್ಟರಲ್ಲಿ ಗೊತ್ತಿದ್ದ ಹಾಡುಗಳೆಲ್ಲ ಮುಗಿದಿರುತ್ತಿದ್ದವು. ಆಗ ಯಾವುದೋ ಹಳೇ ಹಾಡಿನ ಪಲ್ಲವಿಯೊಂದನ್ನೇ ಹಿಡಿದುಕೊಂಡು, ಎಳೆದು, ಮುರಿದು, ಮೇಲಕ್ಕೆ ಹತ್ತಿಸಿ ಇಳಿಸಿ, ಕಾಲು ಗಂಟೆ ಸಾಗಿಸುತ್ತಿದ್ದರು. ಡ್ರಮ್ಮಿನವರು ಅವರ ಮುಖ ನೋಡಿಕೊಂಡೇ ಪೆಟ್ಟು ಬದಲಿಸುತ್ತಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ ವೈಟ್‌ಫೀಲ್ಡ್‌ನ ಮಂದ ಬೆಳಕಿನ ಕೋಣೆಯಲ್ಲಿ ಕೂತಿದ್ದಾಗ, ಸ್ಯಾಕ್ಸೊಫೋನ್ ಹಿಡಿದಿದ್ದ ಹುಡುಗ ಅದನ್ನೇ ಮಾಡಿದ. ಡ್ರಮ್ಸ್ ಮುಂದೆ ಕೂತವನು ಅವನ ಮುಖವನ್ನೇ ನೋಡುತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಜಾಝ್ ಅಂದರೆ ಯಾರದ್ದೋ, ದುಡ್ಡಿದ್ದವರದ್ದು ಅಂದುಕೊಂಡಿದ್ದೆ. ಆ ಎಣಿಕೆ ಅವತ್ತೇ ಕಳಚಿತು.

ಆಮೇಲೆ ನಮ್ಮನೆಯವರೂ ನಾನೂ ಇಂಥ ಜಾಗಗಳನ್ನು ಹುಡುಕಿಕೊಂಡು ತಿರುಗಿದ್ದೇವೆ. ಕೋಲಾರ ಊರೊಳಗೆ ವಾರಕ್ಕೊಮ್ಮೆ ಜಾಝ್ ನುಡಿಸುವ ಬಾರ್ ನಮಗೆ ಸಿಕ್ಕಿಲ್ಲ. ಆದರೆ ಕೋಲಾರದಿಂದ ಹೊರಟವರಿಗೆ ದಾರಿ ಬಹಳ ದೂರವೇನೂ ಇಲ್ಲ. ಹೇಗೆ ಹೋಗಬೇಕು, ಏನು ನೋಡಿಕೊಳ್ಳಬೇಕು ಎಂಬುದನ್ನು ತಿಳಿದಷ್ಟು ಬರೆಯುತ್ತಿದ್ದೇನೆ. ನಾನು ಕುಡಿಯುವುದಿಲ್ಲ, ನಮ್ಮನೆಯವರು ಒಂದು ಬಿಯರ್ ಕುಡಿಯುತ್ತಾರೆ. ಇಬ್ಬರಿಗೂ ಒಪ್ಪುವ ಜಾಗವನ್ನೇ 'ಒಳ್ಳೆಯ ಬಾರ್' ಅನ್ನುತ್ತಿದ್ದೇನೆ.

ಮೊದಲು ಸರಿಯಾದ ಪದದಲ್ಲಿ ಕೇಳಿ

'ಲೈವ್ ಬ್ಯಾಂಡ್ ಇರೋ ಬಾರ್ ಎಲ್ಲಿದೆ?' ಎಂದು ಯಾರನ್ನೂ ಕೇಳಬೇಡಿ. ನಮ್ಮ ಕಡೆಯೂ ಬೆಂಗಳೂರಲ್ಲೂ ಆ ಮಾತಿಗೆ ಬೇರೆಯದೇ ಅರ್ಥ ಅಂಟಿಕೊಂಡಿದೆ. ಕುಡಿದವರ ಮುಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿ ನೋಟು ಎಸೆಯುವ ಜಾಗಗಳಿಗೆ ಆ ಹೆಸರು ಬಂದುಬಿಟ್ಟಿದೆ, ಪೊಲೀಸ್ ದಾಳಿಯ ಸುದ್ದಿಗಳಲ್ಲಿ ಓದುವುದೂ ಅದೇ ಪದ. ಆಟೋದವರು ನಿಮ್ಮನ್ನು ನೇರ ಅಲ್ಲಿಗೇ ಕರೆದೊಯ್ದರೆ ಅದು ಅವರ ತಪ್ಪಲ್ಲ. 'ಲೈವ್ ಮ್ಯೂಸಿಕ್' ಅಂದರೂ ಸಾಲದು. ಬಹಳ ಕಡೆ ಅದರರ್ಥ ಹಿಂದಿನಿಂದ ರೆಕಾರ್ಡ್ ಮಾಡಿದ ವಾದ್ಯಗಳ ಟ್ರ್ಯಾಕ್ ಹಾಕಿಕೊಂಡು ಒಬ್ಬರು ಸಿನಿಮಾ ಹಾಡು ಹಾಡುವುದು, ಇಲ್ಲವೇ ಡಿಜೆ.

'ಜಾಝ್ ಟ್ರಿಯೊ', 'ಜಾಝ್ ಕ್ವಾರ್ಟೆಟ್' ಎಂದೇ ಹುಡುಕಿ. ಟ್ರಿಯೊ ಅಂದರೆ ಮೂವರು, ಸಾಮಾನ್ಯವಾಗಿ ಪಿಯಾನೊ, ಬೇಸ್ (ತಗ್ಗು ಸ್ವರದ ತಂತಿವಾದ್ಯ), ಡ್ರಮ್ಸ್. ಕ್ವಾರ್ಟೆಟ್‌ನಲ್ಲಿ ಅವರ ಜೊತೆಗೆ ಸ್ಯಾಕ್ಸೊಫೋನೋ ಗಿಟಾರೋ ಹಾಡುವವರೋ ಸೇರುತ್ತಾರೆ. ಹೊರಡುವ ಮುಂಚೆ ಬಾರಿಗೆ ಫೋನ್ ಮಾಡಿ ಮೂರು ಮಾತು ಕೇಳಿ. ಎಷ್ಟು ಜನ ನುಡಿಸುತ್ತಾರೆ? ಟ್ರ್ಯಾಕ್ ಹಾಕುತ್ತಾರೋ ಇಲ್ಲವೋ? ಅವರು ನುಡಿಸುವಾಗ ಟಿವಿ ಆಫ್ ಮಾಡುತ್ತೀರಾ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ರಿಕೆಟ್ ಮ್ಯಾಚ್ ಓಡುತ್ತಿರುವ ಹಾಲಿನಲ್ಲಿ ಎಂಥ ಕಲಾವಿದರು ಬಂದರೂ ಅವರ ಪಾಡು ಕೇಳುವವರಿರುವುದಿಲ್ಲ. 'ಹೌದು ಮೇಡಂ, ಆ ಹೊತ್ತಲ್ಲಿ ಆಫ್ ಮಾಡ್ತೀವಿ' ಎಂಬ ಉತ್ತರ ಬಂದರೆ ಅರ್ಧ ಕೆಲಸ ಆದಂತೆ.

ಕಿವಿಗೆ ಎರಡು ವಾರ ಕೊಡಿ

ಇದನ್ನು ಬಿಟ್ಟು ನೇರ ಹೋದವರು 'ಏನೋ ಗೊತ್ತಾಗಲಿಲ್ಲ' ಎಂದು ಎದ್ದು ಬರುತ್ತಾರೆ. ಎರಡು ವಾರ, ದಿನಕ್ಕೆ ಒಂದೇ ಹಾಡನ್ನು ಎರಡು ಸಲ ಕೇಳಿ, ಸಾಕು.

ಕೇಳುವಾಗ ಒಂದು ಕಟ್ಟು ನೆನಪಿಟ್ಟುಕೊಳ್ಳಿ. ಮೊದಲು ಎಲ್ಲರೂ ಸೇರಿ ಹಾಡಿನ ಮೂಲ ಧಾಟಿಯನ್ನು ನುಡಿಸುತ್ತಾರೆ. ಬಹಳ ಹಾಡುಗಳಲ್ಲಿ ಅದು 32 ತಾಳಭಾಗಗಳಷ್ಟು (ಒಂದು ತಾಳಭಾಗ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ) ಉದ್ದ, ಬ್ಲೂಸ್ ಎಂಬ ಬಗೆಯ ಹಾಡಾದರೆ 12. ಆಮೇಲೆ ಒಬ್ಬೊಬ್ಬರೇ ಅದೇ ಉದ್ದದ ಸುತ್ತಿನ ಮೇಲೆ, ಅದೇ ಸ್ವರಮೇಳದ ನಡೆಯಲ್ಲಿ, ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುತ್ತಾ ಹೋಗುತ್ತಾರೆ. ಕೊನೆಗೆ ಮತ್ತೆ ಎಲ್ಲರೂ ಮೂಲ ಧಾಟಿಗೆ ಬಂದು ಮುಗಿಸುತ್ತಾರೆ. ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಅಪರಿಚಿತವಲ್ಲ. ಪಲ್ಲವಿಯ ಸಾಲು ಹಿಡಿದು ನೆರವಲ್ ಮಾಡಿ, ಕಲ್ಪನಾಸ್ವರ ಹಾಕಿ, ತಿರುಗಿ ಸಾಲಿಗೆ ಬಂದು ಕೂಡುವ ಹಾಗೆಯೇ. ಡ್ರಮ್ಸ್‌ನವರೂ ಉಳಿದವರೂ ನಾಲ್ಕು ನಾಲ್ಕು ತಾಳಭಾಗ ಹಂಚಿಕೊಂಡು ಪ್ರಶ್ನೆ ಉತ್ತರದಂತೆ ನುಡಿಸುವುದುಂಟು. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತಲ್ಲ. ತಮಟೆಯವರು ಎದುರುಬದುರು ನಿಂತು ಒಬ್ಬರ ಪೆಟ್ಟಿಗೆ ಒಬ್ಬರು ಮರುಪೆಟ್ಟು ಕೊಡುವುದನ್ನು ಜಾತ್ರೆಯಲ್ಲಿ ನೋಡಿ ಬೆಳೆದ ನಮಗೆ ಈ ಹಂಚಿಕೆ ತಟ್ಟನೆ ತಿಳಿಯುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನಾನು ಇಬ್ಬರ ಹೆಸರು ಹೇಳುತ್ತೇನೆ. ಒಬ್ಬರು ನ್ಯೂ ಆರ್ಲಿಯನ್ಸ್‌ನಲ್ಲಿ 1901ರಲ್ಲಿ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್. ಅವರ ಟ್ರಂಪೆಟ್‌ಗೆ ಯಾವ ಪೀಠಿಕೆಯೂ ಬೇಡ, ಮನುಷ್ಯರು ಮಾತಾಡಿದಂತೆಯೇ ಕೇಳುತ್ತದೆ. ಇನ್ನೊಬ್ಬರು ನಮ್ಮ ಕದ್ರಿ ಗೋಪಾಲನಾಥ್. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದನ್ನೇ ಕೈಗೆತ್ತಿಕೊಂಡು, ಗಮಕ ನುಡಿಯದ ವಾದ್ಯದಲ್ಲಿ ಗಮಕ ನುಡಿಸಿದವರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ಕಲಾವಿದ ಜಾನ್ ಹ್ಯಾಂಡಿ ತಮ್ಮ ಜೊತೆ ನುಡಿಸಲು ಅವರನ್ನು ಕರೆದರು. ಮೊದಲು ಕದ್ರಿಯವರನ್ನು ಕೇಳಿ, ಅದೇ ವಾದ್ಯವನ್ನು ಜಾಝ್‌ನಲ್ಲಿ ಕೇಳಿ. ಒಂದೇ ಹಿತ್ತಾಳೆ ಕೊಳವೆಯಲ್ಲಿ ಎರಡು ಭಾಷೆ ಹೇಗೆ ಬರುತ್ತದೆ ಎಂಬುದು ತಿಳಿದಾಗ ಆಗುವ ಖುಷಿಯನ್ನು ನಾನು ಬರೆದು ತೋರಿಸಲಾರೆ.

ಮೊದಲ ಪಯಣ ವೈಟ್‌ಫೀಲ್ಡ್‌ಗೆ

ಬೆಂಗಳೂರಿನ ಪೂರ್ವದ ತುದಿ ನಮಗೆ ಹತ್ತಿರ. ಇದು ಕೋಲಾರದವರ ಪುಣ್ಯ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲುಗಳು ವೈಟ್‌ಫೀಲ್ಡ್‌ನಲ್ಲಿ ನಿಲ್ಲುತ್ತವೆ. ಬಸ್ಸಿನಲ್ಲಿ ಹೊರಟರೆ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹತ್ತಿರ ಇಳಿದು ಮೆಟ್ರೊ ಹತ್ತಬಹುದು. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಮಾರ್ಚ್‌ನಲ್ಲಿ ಶುರುವಾದ ಮೇಲೆ ಆ ಟ್ರಾಫಿಕ್‌ನಲ್ಲಿ ನರಳುವುದು ತಪ್ಪಿದೆ.

ವೈಟ್‌ಫೀಲ್ಡ್‌ನಲ್ಲಿ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಎಂಬ ಜಾಗ 2012ರಿಂದ ಇದೆ. ಬಿಯರ್ ಅಲ್ಲೇ ತಯಾರಾಗುತ್ತದೆ, ಗೋಡೆ ತುಂಬ ಪುಸ್ತಕ, ಜೊತೆಗೆ ಜಾಝ್‌ಗೆಂದೇ ಕಟ್ಟಿದ ಸಂಗೀತ ಕೋಣೆ. ಮೊದಲ ಸಲಕ್ಕೆ ನಾನು ಹೇಳುವುದು ಇದನ್ನೇ. ಯಾಕೆಂದರೆ ಅಲ್ಲಿ ಜನ ಕೇಳಲಿಕ್ಕೆಂದೇ ಬಂದಿರುತ್ತಾರೆ, ಧ್ವನಿ ಕಿವಿಗೆ ಬಡಿಯುವುದಿಲ್ಲ, ಹೆಂಗಸರು ತಮ್ಮಷ್ಟಕ್ಕೆ ಕೂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಜೇಬಿಗೆ ಸ್ವಲ್ಪ ಭಾರವೇ. ಕಾರ್ಯಕ್ರಮಕ್ಕೆ ಟಿಕೆಟ್ ಬೇರೆ, ಊಟ ಬೇರೆ. ನಾವು ಮನೆಯಲ್ಲೇ ಉಂಡು ಹೋಗುತ್ತೇವೆ.

ಇದು ದೊಡ್ಡ ಜಾಗ. ನಿಮಗೆ ಬೇಕಾದ್ದು ಬಾಗಿಲು ತೆಗೆದ ಕೂಡಲೇ 'ಬನ್ನಿ ಅಕ್ಕಾ' ಅನ್ನುವಂಥ ಸಣ್ಣ ಬಾರ್. ಅದು ಜಾಹೀರಾತಿನಲ್ಲಿ ಸಿಗುವುದಿಲ್ಲ. ಅದನ್ನು ತೋರಿಸುವವರು ವೇದಿಕೆಯ ಮೇಲೆ ಇದ್ದಾರೆ.

ಬೇಸ್ ನುಡಿಸುವವರನ್ನು ಮಾತಾಡಿಸಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನಿಟ್ಟುಕೊಳ್ಳಿ. ಬಾರಿನ ಹಿಂದೆ ಹೋಗಬೇಡಿ, ನುಡಿಸುವವರ ಹಿಂದೆ ಹೋಗಿ. ಬಾರು ಮಾಲೀಕರು ಬದಲಾಗುತ್ತಾರೆ, ಬುಧವಾರದ ಜಾಝ್ ಮುಂದಿನ ತಿಂಗಳು ಕ್ಯಾರಿಯೋಕಿ ಆಗುತ್ತದೆ, ಲೈಸೆನ್ಸ್ ತೊಂದರೆ ಬಂದು ಬಾಗಿಲೇ ಹಾಕುತ್ತದೆ. ನುಡಿಸುವವರು ಮಾತ್ರ ನುಡಿಸುತ್ತಲೇ ಇರುತ್ತಾರೆ.

ಅವರಲ್ಲೂ ಬೇಸ್‌ನವರನ್ನೂ ಡ್ರಮ್ಸ್‌ನವರನ್ನೂ ಹಿಡಿಯಿರಿ. ಹಾಡುವವರಿಗೆ, ಪಿಯಾನೊದವರಿಗೆ ತಮ್ಮದೇ ತಂಡ ಇರುತ್ತದೆ. ಬೇಸ್ ನುಡಿಸುವವರು ಊರಲ್ಲಿ ಕೆಲವೇ ಜನ, ಹಾಗಾಗಿ ವಾರದಲ್ಲಿ ಮೂರು ನಾಲ್ಕು ತಂಡಗಳ ಜೊತೆ ನುಡಿಸುತ್ತಿರುತ್ತಾರೆ. ಎಲ್ಲಿ ಜನ ಸುಮ್ಮನೆ ಕೂತು ಕೇಳುತ್ತಾರೆ, ಎಲ್ಲಿ ಮಾಲೀಕರು ದುಡ್ಡು ಸರಿಯಾಗಿ ಕೊಡುತ್ತಾರೆ, ಎಲ್ಲಿ ಗಲಾಟೆ, ಎಲ್ಲವೂ ಅವರಿಗೆ ಗೊತ್ತು. ಬಿಡುವಿನ ಹೊತ್ತಲ್ಲಿ ಹತ್ತಿರ ಹೋಗಿ, ಕೇಳಿದ್ದರಲ್ಲಿ ನಿಮಗೆ ಹಿಡಿಸಿದ ಒಂದು ಕಡೆಯನ್ನು ಹೇಳಿ, ಆಮೇಲೆ 'ನಿಮಗೆ ನುಡಿಸೋಕೆ ಇಷ್ಟ ಆಗೋ ಜಾಗ ಯಾವುದು?' ಎಂದು ಕೇಳಿ. 'ಮುಂದಿನ ಶೋ ಎಲ್ಲಿ' ಎಂದು ಕೇಳಿದರೆ ಬರುವ ಉತ್ತರವೇ ಬೇರೆ, ಇದಕ್ಕೆ ಬರುವ ಉತ್ತರವೇ ಬೇರೆ. ನಾನು ಮೊದಲ ಸಲ ಕೇಳಿದಾಗ ಆ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಟಿಶ್ಯೂ ಪೇಪರಿನ ಮೇಲೆ ಎರಡು ಹೆಸರು ಬರೆದುಕೊಟ್ಟ. ಎರಡೂ ನಾವು ಹತ್ತಾರು ಸಲ ಮುಂದೆ ಹಾದುಹೋಗಿದ್ದ ರಸ್ತೆಗಳಲ್ಲೇ ಇದ್ದವು.

ಕಲಾವಿದರು ಸಿಗುವುದು ಬಾರುಗಳಲ್ಲಿ ಮಾತ್ರವೂ ಅಲ್ಲ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲೂ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೂ ಜಾಝ್ ಕಛೇರಿಗಳು ನಡೆಯುತ್ತವೆ. ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ. ಯುನೆಸ್ಕೊ 2011ರಲ್ಲಿ ಸಾರಿದ್ದು, 2012ರಿಂದ ಆಚರಣೆಯಲ್ಲಿದೆ. ಆ ವಾರ ಹುಡುಕುವವರಿಗೆ ಸುಗ್ಗಿ.

ಸಣ್ಣ ಬಾರಿನಲ್ಲಿ ಮೊದಲ ಸಂಜೆ

ವಾರದ ಮಧ್ಯೆ ಹೋಗಿ. ಶುಕ್ರವಾರ ಶನಿವಾರ ಕುಣಿಯುವವರ ದಿನ. ಮಂಗಳವಾರ ಬುಧವಾರವೇ ಕೇಳುವವರು ಸಿಗುವುದು. ಶುರುವಾಗುವ ಮುಕ್ಕಾಲು ಗಂಟೆ ಮುಂಚೆ ಒಳಗಿರಿ. ಆ ಮುಕ್ಕಾಲು ಗಂಟೆಯಲ್ಲೇ ಜಾಗದ ಗುಣ ತಿಳಿಯುವುದು.

ನಾನು ನೋಡುವುದು ಇವನ್ನು. ಬಾಗಿಲಲ್ಲಿ ನಿಂತವರು ನಮ್ಮ ಚಪ್ಪಲಿ ನೋಡುತ್ತಾರೋ ಮುಖ ನೋಡುತ್ತಾರೋ. ನಾನು ಕನ್ನಡದಲ್ಲಿ ಮಾತಾಡಿದರೆ ಸಪ್ಲೈಯರ್ ಕನ್ನಡದಲ್ಲೇ ಉತ್ತರ ಕೊಡುತ್ತಾರೋ, ಬರದಿದ್ದರೂ ನಗುತ್ತಾರೋ. ಫ್ರೆಶ್ ಲೈಮ್ ಸೋಡಾ ಹೇಳಿದಾಗ ಅವರ ದನಿ ಬದಲಾಗುತ್ತದೋ ಇಲ್ಲವೋ. ಸೋಡಾ ಕುಡಿಯುವವರನ್ನೂ ಬಿಯರ್ ಕುಡಿಯುವವರನ್ನೂ ಒಂದೇ ಸಮ ಕಾಣುವ ಜಾಗಕ್ಕೆ ನಾನು ಎಷ್ಟು ಸಲ ಬೇಕಾದರೂ ಹೋಗುತ್ತೇನೆ. ಹೆಂಗಸರ ಶೌಚಾಲಯ ನೋಡಿ ಬನ್ನಿ. ಅದರ ಬಾಗಿಲಿಗೆ ಚಿಲಕ ಇದ್ದು ನೀರು ಬರುತ್ತಿದ್ದರೆ ಹೆಂಗಸರು ಬರುವ ಜಾಗ ಅಂತಲೇ ಅರ್ಥ. ಬೇರೆ ಮೇಜುಗಳಲ್ಲಿ ಇಬ್ಬರು ಹೆಂಗಸರೇ ಕೂತಿದ್ದಾರಾ, ಒಬ್ಬಂಟಿ ವಯಸ್ಸಾದವರು ಇದ್ದಾರಾ ನೋಡಿ. ಒಬ್ಬರೇ ಬಂದು ಕೂರುವ ಅಜ್ಜ ಇದ್ದರೆ ಆ ಬಾರು ನೆರೆಯವರ ಬಾರು.

ಒಮ್ಮೆ ಹೆಸರುವಾಸಿ ಕಡೆಯೊಂದರಲ್ಲಿ ನಾನೊಬ್ಬಳೇ ಮೊದಲು ತಲುಪಿದೆ. 'ಜೊತೆಯವರು ಬರಲಿ, ಆಮೇಲೆ ಕೂತ್ಕೊಳ್ಳಿ' ಎಂದು ಹೊರಗೇ ನಿಲ್ಲಿಸಿದರು. ಇಪ್ಪತ್ತು ನಿಮಿಷ ರಸ್ತೆಯಲ್ಲಿ ನಿಂತೆ. ಒಳಗೆ ಖಾಲಿ ಕುರ್ಚಿಗಳು ಕಾಣುತ್ತಿದ್ದವು. ಸಂಗೀತ ಅವತ್ತು ಬಹಳ ಚೆನ್ನಾಗಿತ್ತು, ಆದರೂ ಮತ್ತೆ ಹೋಗಿಲ್ಲ. ನಿಮಗೂ ಹಾಗಾದರೆ ಹೋಗಬೇಡಿ.

ಜಾಗ ಹಿಡಿಯುವಾಗ ಮುಂದಿನ ಸಾಲು ಬೇಡ, ಸ್ಪೀಕರ್ ಎದುರೂ ಬೇಡ. ಡ್ರಮ್ಸ್‌ನವರ ಕೈ ಕಾಣುವಂತೆ ಪಕ್ಕಕ್ಕೆ ಕೂರಿ. ನಿಧಾನದ ಹಾಡಿಗೆ ಕೋಲು ಬಿಟ್ಟು ತಂತಿ ಕುಂಚ ಹಿಡಿದು ಡ್ರಮ್ಮಿನ ಮೇಲೆ ಸವರುತ್ತಾರೆ, ಮಳೆ ಹನಿಯುವಂತೆ ಸದ್ದು. ಅದನ್ನು ಕಣ್ಣಲ್ಲಿ ನೋಡುತ್ತಾ ಕೇಳಬೇಕು.

ಒಬ್ಬೊಬ್ಬರ ಸರದಿ ಮುಗಿದಾಗ ಹಾಡು ಇನ್ನೂ ನಡೆಯುತ್ತಿದ್ದರೂ ಚಪ್ಪಾಳೆ ತಟ್ಟುವುದು ಇಲ್ಲಿನ ರೂಢಿ, ಸಂಕೋಚ ಬೇಡ. ತನಿ ಆವರ್ತನ ಮುಗಿದಾಗ ತಟ್ಟುವುದಿಲ್ಲವೇ, ಹಾಗೆ. ಬೇಸ್‌ನವರ ಸರದಿ ಬಂದಾಗ ಉಳಿದವರು ದನಿ ತಗ್ಗಿಸುತ್ತಾರೆ, ಆಗಲೇ ಜನ ಮಾತು ಶುರು ಮಾಡುವುದು. ನೀವು ಮಾಡಬೇಡಿ. ಸಿನಿಮಾ ಹಾಡು ನುಡಿಸಿ ಎಂದು ಚೀಟಿ ಕಳಿಸಬೇಡಿ. ಫೋನಿನಲ್ಲಿ ಒಂದು ಫೋಟೊ ತೆಗೆದು ಒಳಗಿಡಿ. ಮುಂದೆ ಡಬ್ಬಿ ಇಟ್ಟಿದ್ದರೆ ಕೈಲಾದಷ್ಟು ಹಾಕಿ, ದುಡ್ಡನ್ನು ಗಾಳಿಯಲ್ಲಿ ಆಡಿಸುವುದಂತೂ ಬೇಡವೇ ಬೇಡ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ಬೇಡವೆನ್ನುವ ಹಕ್ಕು ನಿಮಗಿದೆ. ಟೇಬಲ್ಲಿಗೆ ಇಷ್ಟು ಖರ್ಚು ಮಾಡಲೇಬೇಕು ಎಂಬ ನಿಯಮ ಇದೆಯೋ ಎಂದು ಕೂರುವ ಮುಂಚೆಯೇ ಕೇಳಿಕೊಳ್ಳಿ. 21 ತುಂಬದ ಮಕ್ಕಳಿಗೆ ನಮ್ಮ ರಾಜ್ಯದ ಬಾರುಗಳಲ್ಲಿ ಮದ್ಯ ಕೊಡುವಂತಿಲ್ಲ. ಕಾಲೇಜು ಓದುವ ಮಗಳನ್ನೋ ಮಗನನ್ನೋ ಕರೆದೊಯ್ಯುವುದಾದರೆ ಒಳಗೆ ಬಿಡುತ್ತಾರೋ ಎಂದು ಮೊದಲೇ ಫೋನಿನಲ್ಲಿ ಕೇಳಿ. ಬಾಗಿಲ ತನಕ ಹೋಗಿ ಮಕ್ಕಳು ಹಿಂದಿರುಗುವ ಹಾಗಾಗಬಾರದು.

ಒಂದೇ ಜಾಗಕ್ಕೆ ಮೂರು ಸಲ ಹೋಗಿ. ಎರಡನೇ ಸಲ ಸಪ್ಲೈಯರ್ ಗುರುತು ಹಿಡಿಯುತ್ತಾರೆ, ಮೂರನೇ ಸಲಕ್ಕೆ ಕೇಳದೇ ಸೋಡಾ ಬರುತ್ತದೆ. ಹತ್ತು ಬಾರುಗಳಿಗೆ ಒಂದೊಂದು ಸಲ ಹೋಗುವುದಕ್ಕಿಂತ ಇದು ಲೇಸು.

ವಾಪಸ್ ಬರುವ ದಾರಿ

ಕುಡಿಯುವವರು ಗಾಡಿ ಮುಟ್ಟಬಾರದು, ಒಂದೇ ಬಿಯರ್ ಆದರೂ ಸರಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ನನಗೆ ಭಯ ಹೊಸಕೋಟೆ ದಾಟಿದ ಮೇಲಿನ ಹೈವೇಯದ್ದು. ಲಾರಿಗಳು ದೀಪ ಹಾಕದೆ ಪಕ್ಕದಲ್ಲಿ ನಿಂತಿರುತ್ತವೆ. ನಮ್ಮಲ್ಲಿ ಗಾಡಿ ತೆಗೆದುಕೊಂಡು ಹೋದ ದಿನ ನಾನೇ ಓಡಿಸುತ್ತೇನೆ. ಬಸ್ಸಿಗಾದರೆ ಟಿನ್ ಫ್ಯಾಕ್ಟರಿಗೆ ಬನ್ನಿ. ಮುಳಬಾಗಿಲು, ಚಿತ್ತೂರು, ತಿರುಪತಿ ಕಡೆಯ ಬಸ್ಸುಗಳು ರಾತ್ರಿಯೂ ಆ ದಾರಿಯಲ್ಲೇ ಹೋಗುತ್ತವೆ. ಕೋಲಾರದ ಒಳಗೆ ಬರುತ್ತದೋ ಬೈಪಾಸಿನಲ್ಲೇ ಇಳಿಸುತ್ತದೋ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿ. ಬೈಪಾಸಿನಲ್ಲಿ ನಡುರಾತ್ರಿ ಇಳಿದರೆ ಆಟೋ ಸಿಗುವುದು ಕಷ್ಟ.

ನಮ್ಮೂರಲ್ಲೇ ಆಗಲಿ ಅಂದರೆ

ಎಷ್ಟು ದಿನ ಹೀಗೆ ಓಡಾಡುವುದು ಎಂದು ನಿಮಗೂ ಅನ್ನಿಸುತ್ತದೆ, ನಮಗೂ ಅನ್ನಿಸಿತು. ನುಡಿಸುವವರು ಜಿಲ್ಲೆಯಲ್ಲೇ ಇದ್ದಾರೆ. ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಶುರು ಮಾಡಿದಾಗಿನಿಂದ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ಕ್ಲಬ್ಬು, ಚರ್ಚು ಎಲ್ಲವೂ ಅಲ್ಲಿ ಬೇರೂರಿದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಚರ್ಚಿನ ಗಾಯಕವೃಂದಗಳು ಉಳಿದವು. ಗಿಟಾರ್, ಕೀಬೋರ್ಡ್, ಡ್ರಮ್ಸ್ ಅಲ್ಲಿಯ ಮಕ್ಕಳು ಚರ್ಚಿನಲ್ಲೇ ಕಲಿಯುತ್ತಾರೆ. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ 1930ರ ದಶಕದಲ್ಲಿ ಜಾಝ್ ಬೆಳೆದಾಗ ಅದನ್ನು ಎತ್ತಿಕೊಂಡವರು ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತ ಗೋವಾದವರು. ನಮ್ಮ ರಾಬರ್ಟ್‌ಸನ್‌ಪೇಟೆಯ ಹುಡುಗರೂ ಅದೇ ದಾರಿಯಲ್ಲಿ ಅರ್ಧ ನಡೆದಿದ್ದಾರೆ. ಅಲ್ಲಿಂದ ನಮಗೆ ಕೀಬೋರ್ಡಿನವನೊಬ್ಬ, ಡ್ರಮ್ಸ್‌ನವನೊಬ್ಬ ಸಿಕ್ಕರು. ಬೇಸ್‌ನವನು ಬೆಂಗಳೂರಿಂದ ಬಂದ.

ಜಾಗಕ್ಕೆ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ಮಹಡಿ ಮೇಲೆ 'ಫ್ಯಾಮಿಲಿ' ಎಂದು ಬೋರ್ಡ್ ಹಾಕಿದ ಹಾಲ್ ಇರುವಂಥದ್ದನ್ನು ಹುಡುಕಿ. ವಾರದ ದಿನ ಅದು ಖಾಲಿ ಇರುತ್ತದೆ. ಕ್ಯಾಬಿನ್ ಕ್ಯಾಬಿನ್ ಮಾಡಿ ಹಲಗೆ ಹೊಡೆದಿದ್ದರೆ ಬೇಡ, ಕೇಳುವವರು ಒಬ್ಬರಿಗೊಬ್ಬರು ಕಾಣಬೇಕು. ಟೇಕಲ್ ರಸ್ತೆ ಕಡೆಯ ಮಾಲೀಕರೊಬ್ಬರ ಹತ್ತಿರ ನಾವು ಹೋದಾಗ ಅವರು ಕೇಳಿದ ಮೊದಲ ಮಾತು, 'ಸೌಂಡ್ ಜಾಸ್ತಿ ಆದ್ರೆ ಸ್ಟೇಷನ್ನಿಂದ ಬರ್ತಾರಲ್ಲ ಅಕ್ಕಾ?' ನ್ಯಾಯವಾದ ಮಾತು. ಅದಕ್ಕೆ ನಾವು ಮಾಡಿದ್ದು ಇಷ್ಟು. ಸಂಜೆ ಏಳಕ್ಕೆ ಶುರು, ಒಂಬತ್ತಕ್ಕೆ ಮುಗಿತಾಯ. ಡ್ರಮ್ಸ್‌ಗೆ ಮೈಕ್ ಇಲ್ಲ, ಕುಂಚದಲ್ಲೇ ನುಡಿಸುವುದು. ಠಾಣೆಗೆ ಮುಂಚೆಯೇ ಅರ್ಜಿ ಬರೆದುಕೊಟ್ಟು ಅನುಮತಿ ಪಡೆಯುವುದು. ಬೇರೆಯವರು ರಚಿಸಿದ ಹಾಡುಗಳನ್ನು ಸಾರ್ವಜನಿಕವಾಗಿ ನುಡಿಸಲು ಹಾಡು ರಚಿಸಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ ಸಂಸ್ಥೆಯ ಪರವಾನಗಿ ಬೇಕಾಗುತ್ತದೆ, ಅದನ್ನು ಮಾಲೀಕರ ಹೆಸರಿನಲ್ಲೇ ತೆಗೆಸಿದೆವು.

ಮೊದಲ ಸಂಜೆ ಹದಿನಾಲ್ಕು ಜನ ಬಂದರು. ಅದರಲ್ಲಿ ಐದು ಜನ ನಮ್ಮ ನೆಂಟರೇ. ಮಸಾಲಾ ಕಡ್ಲೆಬೀಜದ ಒಂದು ತಟ್ಟೆ ಇಟ್ಟುಕೊಂಡು ಕೆಳಗಿನ ಬಾರಿಂದ ಹತ್ತಿ ಬಂದ ತರಕಾರಿ ಮಂಡಿಯ ಹಿರಿಯರೊಬ್ಬರು ಕೊನೆಯ ತನಕ ಕದಲದೆ ಕೂತಿದ್ದರು. ಎರಡನೇ ಸಂಜೆ ಅವರು ತಮ್ಮ ತಮ್ಮನನ್ನೂ ಕರೆತಂದರು. ಆತ ನಾದಸ್ವರದವರು. ಮುಂದಿನ ಸಲ ವಾದ್ಯ ತರುತ್ತೇನೆ ಅಂದಿದ್ದಾರೆ.

ನೀವು ಮಾಡುವಾಗ ದುಡ್ಡಿನ ಮಾತು ಮೊದಲೇ ಮುಗಿಸಿ. ಕುಡಿತದ ವ್ಯಾಪಾರ ಆದಷ್ಟು ಕೊಡುತ್ತೇನೆ ಎಂಬ ಲೆಕ್ಕಕ್ಕೆ ಒಪ್ಪಬೇಡಿ, ಇಷ್ಟು ಎಂದು ಗೊತ್ತು ಮಾಡಿ ಅದೇ ರಾತ್ರಿ ಕೈಗೆ ಕೊಡಿಸಿ. ಅಪ್ಪ ಎಷ್ಟೋ ಮದುವೆಗಳಲ್ಲಿ ಎಲ್ಲ ಪಂಕ್ತಿಗಳೂ ಎದ್ದ ಮೇಲೆ ಉಂಡು, ದುಡ್ಡಿಗೆ ವಾರಗಟ್ಟಲೆ ಅಲೆದರು. ನುಡಿಸುವವರು ಬಂದ ಕೂಡಲೇ ಮುದ್ದೆ ಊಟ ಹಾಕಿಸಿ, ಆಮೇಲೆ ವಾದ್ಯ ಬಿಚ್ಚಲಿ.